ಎಡಗಾಲಿನ ಕಪ್ಪೆ

ನಾನೊಂದು ಕಪ್ಪೆ. ಆದರೆ ಹುಟ್ಟಿದ್ದು ಚಪ್ಪಲಿಯಾಗಿ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಕಥೆಗೆ ಅಡ್ಡಿಯಾಗಬಾರದು.

ಯಾವುದೋ ಕಾರ್ಖಾನೆಯಲ್ಲಿ ರಬ್ಬರ್ ಹಾಳೆಯೊಂದರಿಂದ ನನ್ನನ್ನೂ ನನ್ನ ಜೋಡಿಯನ್ನೂ ಅಕ್ಕಪಕ್ಕದಲ್ಲೇ ಕತ್ತರಿಸಿ ತೆಗೆದರು. ಮೇಲೆ ಬಿಳಿ, ಕೆಳಗೆ ನೀಲಿ, ನೀಲಿಯದೇ ಬಾರು. ನಾನು ಎಡಗಾಲಿನದು, ಅವಳು ಬಲಗಾಲಿನವಳು. ಇಬ್ಬರನ್ನೂ ದಾರದಿಂದ ಬಿಗಿದು ಸಂತೆಗೆ ಕಳಿಸಿದರು. ಅಲ್ಲಿ ನಮ್ಮಂಥವರ ರಾಶಿಯ ಮುಂದೆ ಒಬ್ಬಳು ಕುಕ್ಕರಗಾಲಲ್ಲಿ ಕುಳಿತಳು. ಹೆಬ್ಬೆರಳಿನಿಂದ ಒತ್ತಿದಳು, ಬಾರು ಹಿಡಿದು ಜಗ್ಗಿದಳು, ಮೂಗಿನ ಹತ್ತಿರ ಹಿಡಿದು ಮೂಸಿಯೂ ನೋಡಿದಳು. ಹೆಣ್ಣು ನೋಡಲು ಬಂದವರೂ ಅಷ್ಟು ನೋಡುವುದಿಲ್ಲ. ಅವಳೇ ಚಿಕ್ಕತಾಯಮ್ಮ, ತಾವರೆಗಟ್ಟದ ಕೆರೆಯ ಪಕ್ಕದ ಬೆಸ್ತರ ಕೊಪ್ಪಲಿನವಳು. ನಮ್ಮನ್ನು ಮೆಟ್ಟಿಕೊಂಡೇ ಮನೆಗೆ ನಡೆದಳು.

ಆಹಾ, ಆ ಒಂದು ವಾರ! ಗದ್ದೆಯ ಬದು, ಬಾವಿಯ ಕಟ್ಟೆ, ಪಕ್ಕದ ಮನೆಯ ಜಗಲಿ, ಎಲ್ಲಿಗೆ ಹೋದರೂ ಇಬ್ಬರೂ ಒಟ್ಟಿಗೆ. ನಾನು ಮುಂದೆ ಹೋದರೆ ಅವಳು ಹಿಂದೆ, ಅವಳು ಮುಂದೆ ಹೋದರೆ ನಾನು ಹಿಂದೆ. ಸಂಜೆ ಬಾಗಿಲಲ್ಲಿ ಅಂಟಿಕೊಂಡು ಕೂರುತ್ತಿದ್ದೆವು. ಚಪ್ಪಲಿಯ ಬಾಳಿಗೆ ಅದಕ್ಕಿಂತ ಹೆಚ್ಚೇನು ಬೇಕು?

ಚಿಕ್ಕತಾಯಮ್ಮನ ಗಂಡ ಮರೀಗಂಗಯ್ಯ ಕೆರೆಯಲ್ಲಿ ಗಾಳ ಹಾಕುವವನು. ಅವನ ಚಪ್ಪಲಿಯ ಬಾರು ಕಿತ್ತು ಹೋಗಿತ್ತು. ಬಾರು ಕಿತ್ತ ಹವಾಯಿ ಚಪ್ಪಲಿಯನ್ನು ಆ ಕೊಪ್ಪಲಿನಲ್ಲಿ ಯಾರೂ ಎಸೆಯುವುದಿಲ್ಲ. ಅದರ ಅಟ್ಟೆ ನೀರಿನ ಮೇಲೆ ತೇಲುತ್ತದೆ, ಹಲ್ಲಿಗೆ ಮೆತ್ತಗೆ ಸಿಗುತ್ತದೆ. ಕಪ್ಪೆಯ ಆಕಾರಕ್ಕೆ ಕೊಯ್ದು ಗಾಳ ಸಿಕ್ಕಿಸಿದರೆ ಕೊರವ ಮೀನು ನಿಜವಾದ ಕಪ್ಪೆಯೆಂದೇ ನಂಬಿ ಹಾರಿ ನುಂಗುತ್ತದೆ. ಹಾಗಾಗಿ ಮರೀಗಂಗಯ್ಯ ಆ ಹಳೆಯದನ್ನು ಬಾಗಿಲ ಮೂಲೆಯಲ್ಲಿ ತೆಗೆದಿಟ್ಟಿದ್ದ. ಬೆಳಗಿನ ಜಾವ ಎದ್ದ, ಕರೆಂಟು ಇರಲಿಲ್ಲ. ಮೂಲೆಗೆ ಕೈ ಹಾಕಿದ, ಸಿಕ್ಕಿದ್ದನ್ನು ತೆಗೆದುಕೊಂಡು ಚಾಕು ಎಳೆದ. ಸಿಕ್ಕಿದ್ದು ನಾನು.

ಬೆಳಕು ಹರಿಯುವ ಹೊತ್ತಿಗೆ ನನ್ನ ಅಟ್ಟೆಯಿಂದ ಎರಡು ತುಂಡು ಕೊಯ್ದು, ಸೈಕಲ್ ಪಂಕ್ಚರಿನ ಸಲ್ಯೂಷನ್ ಹಚ್ಚಿ ಒಂದರ ಮೇಲೊಂದು ಅಂಟಿಸಿದ್ದ. ಹಿಂಭಾಗ ನೀರಿಗೆ ಇಳಿದು ಮೂತಿ ಮೇಲೆ ಇರಲೆಂದು ಹೊಟ್ಟೆಗೆ ಒಂದು ಮೊಳೆ ಹೊಡೆದಿದ್ದ. ಗೊಬ್ಬರದ ಚೀಲದ ಎಳೆ ಬಿಚ್ಚಿ ಹಿಂಗಾಲು ಕಟ್ಟಿದ್ದ. ಎರಡು ಗಾಳಗಳನ್ನು ಕೆಳಗಿನಿಂದ ತೂರಿಸಿ, ಅವುಗಳ ಮೊನೆ ನನ್ನ ಬೆನ್ನಿಗೆ ಒತ್ತಿಕೊಂಡು ಮಲಗುವಂತೆ ಕೂರಿಸಿದ್ದ. ಜೊಂಡಿನಲ್ಲಿ ಎಳೆದರೂ ಮೊನೆ ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದರೆ ರಬ್ಬರು ಅಮುಕಿ ಮೊನೆ ಹೊರಗೆ ಬರುತ್ತದೆ. ಒಳ್ಳೆ ಕೆಲಸಗಾರನೇ ಸರಿ. ಕಣ್ಣು ಒಂದು ನೆಟ್ಟಗಿದ್ದಿದ್ದರೆ!

ಚಿಕ್ಕತಾಯಮ್ಮ ಹೊರಗೆ ಬಂದಳು. ಬಲಗಾಲಿಗೆ ಚಪ್ಪಲಿ ಸಿಕ್ಕಿತು, ಎಡಗಾಲು ನೆಲ ತಡಕಿತು. ಗಂಡನ ಕೈಯಲ್ಲಿದ್ದ ನೀಲಿ ಕಪ್ಪೆಯನ್ನು ನೋಡಿದಳು, ಅವನ ಕಾಲ ಬಳಿ ಬಿದ್ದಿದ್ದ ಬಾರನ್ನು ನೋಡಿದಳು.

"ವಾರ ಆಗಿಲ್ವಲ್ಲಯ್ಯ, ನನ್ ಮೆಟ್ಟ ತಕ್ಕಂಡು ಕಪ್ಪೆ ಮಾಡಿದ್ದೀಯಲ್ಲ," ಎಂದಳು.

"ಕತ್ಲೇಲಿ ಕಾಣ್ನಿಲ್ಲ ಕಣಮ್ಮಿ. ಬರೋ ಸಂತೆಗೆ ಬ್ಯಾರೆ ತರನ."

"ನಂಗೆ ಬ್ಯಾರೆದು ಬ್ಯಾಡ. ಎಡಗಾಲಿಂದು ನಡ್ಕಂಡು ಮನೆಗೆ ಬರ್ಲಿ. ಅಲ್ಲೀಗಂಟ ನಾನು ಮೆಟ್ಟಾಕಿಲ್ಲ."

ಬಲಗಾಲಿನವಳನ್ನು ತೆಗೆದು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು. ಹಳೆ ಚಪ್ಪಲಿಯನ್ನು ದೃಷ್ಟಿಗೆಂದು ಕಟ್ಟುವುದು ನಮ್ಮ ಕಡೆ ಇದ್ದದ್ದೇ. ಎದುರು ಮನೆಯವಳು, "ದೃಷ್ಟಿಗಾ ಅಕ್ಕ?" ಎಂದು ಕೇಳಿದಳು. "ಹೂಂ ಕಣವ್ವ, ನಮ್ಮೆಜಮಾನ್ರ ದೃಷ್ಟಿ ಸರಿಯಿಲ್ಲ, ಅದಕ್ಕೆ," ಎಂದಳು ಚಿಕ್ಕತಾಯಮ್ಮ. ಮರೀಗಂಗಯ್ಯ ಕೇಳಿಸಿಕೊಂಡೂ ಕೇಳಿಸದವನಂತೆ ದಾರ ಸುತ್ತುತ್ತಿದ್ದ.

ಆ ಜಗಳದಲ್ಲಿ ನಕ್ಕವಳು ಒಬ್ಬಳೇ, ಅವರ ಮಗಳು ಸುಗುಣ. ಆಗ ಅವಳಿಗೆ ಮುಂದಿನ ಹಲ್ಲು ಬಿದ್ದಿತ್ತು. ನನ್ನನ್ನು ಅಂಗೈ ಮೇಲಿಟ್ಟುಕೊಂಡು, "ಅಪ್ಪ, ಇದು ಕುರ್ಡು ಕಪ್ಪೆ," ಎಂದಳು. ಅತ್ತೆಯ ಮನೆಯಿಂದ ತಂದಿದ್ದ ಕೆಂಪು ಉಗುರುಬಣ್ಣದಲ್ಲಿ ನನಗೆ ಎರಡು ಕಣ್ಣು ಇಟ್ಟಳು. ಒಂದು ದೊಡ್ಡದು, ಒಂದು ಚಿಕ್ಕದು. ಆ ಕಣ್ಣುಗಳಿಂದ ನಾನು ಮೊದಲು ನೋಡಿದ್ದು ಅವಳ ಬೊಚ್ಚುಬಾಯಿಯ ನಗುವನ್ನು. ಅದನ್ನು ನಾನು ಮರೆಯಲಿಲ್ಲ, ಮುಂದಿನದ್ದೆಲ್ಲ ನಡೆದದ್ದು ಅದಕ್ಕೇ.

ನೀಲಿ ಕಪ್ಪೆಯನ್ನು ಯಾವ ಮೀನು ನಂಬುತ್ತದೆ ಎಂದು ಕೊಪ್ಪಲಿನವರು ಗೇಲಿ ಮಾಡಿದರು. ಮೀನು ನೋಡುವುದು ಕೆಳಗಿನಿಂದ. ಮಗುಚಿ ಕೊಯ್ದಿದ್ದರಿಂದ ನನ್ನ ಹೊಟ್ಟೆ ಬಿಳಿ, ಮಳೆಗಾಲದ ಕಪ್ಪೆಯ ಹೊಟ್ಟೆಯ ಹಾಗೆಯೇ. ಚಪ್ಪಲಿಯಾಗಿದ್ದಾಗ ನಾನು ಲೋಕವನ್ನು ಕೆಳಗಿನಿಂದ ನೋಡುತ್ತಿದ್ದೆ, ಈಗ ನನ್ನನ್ನು ಕೆಳಗಿನಿಂದ ನೋಡುವವರು ಸಿಕ್ಕರು.

ತಾವರೆಗಟ್ಟದ ಕೆರೆ ನೀರಿಗಿಂತ ಹೆಚ್ಚು ಹಸಿರೇ. ದಡದಲ್ಲಿ ಜೊಂಡು, ನಡುವೆ ತಾವರೆ, ಎಲ್ಲೆಲ್ಲೂ ಅಂತರಗಂಗೆ, ನೀರೊಳಗೆ ಬಾಲದಂಥ ಪಾಚಿ. ಬಲೆ ಬೀಸಿದರೆ ಕಳೆಯೇ ಬಲೆಯನ್ನು ಹಿಡಿದುಕೊಳ್ಳುತ್ತದೆ. ಅಂಥ ಕಡೆ ಮರೀಗಂಗಯ್ಯ ನನ್ನನ್ನು ಹೇಗೆ ನಡೆಸುತ್ತಿದ್ದ ಗೊತ್ತೇ? ಬಯಲು ನೀರಿಗೆ ನೇರವಾಗಿ ಎಸೆಯುತ್ತಿರಲಿಲ್ಲ, 'ಬುಳಕ್' ಎಂದರೆ ಮೀನು ಬೆದರುತ್ತದೆ. ಆಚೆಯ ತಾವರೆ ಎಲೆಯ ಮೇಲೆ ಇಳಿಸುತ್ತಿದ್ದ. ಗಾಳದ ಕೋಲಿನ ತುದಿಯನ್ನು ಸಣ್ಣಗೆ ಕುಣಿಸುತ್ತ ಎಲೆಯ ಅಂಚಿನವರೆಗೆ ತೆವಳಿಸುತ್ತಿದ್ದ. ಅಲ್ಲಿ ನಿಲ್ಲಿಸುತ್ತಿದ್ದ. ಕೆಳಗೆ ಕೊರವ ಕಾದಿರುತ್ತಿತ್ತು, ಅದರ ಆಸೆ ನನಗೆ ಎಲೆಯ ಮೂಲಕವೇ ತಿಳಿಯುತ್ತಿತ್ತು. ಆಮೇಲೆ ನನ್ನನ್ನು ನೀರಿನ ಕಿಂಡಿಗೆ ಮೆಲ್ಲಗೆ ಜಾರಿಸುತ್ತಿದ್ದ. ನೀರು ಒಡೆದು ಕಪ್ಪು ಬಾಯಿಯೊಂದು ಮೇಲೆ ಬರುತ್ತಿತ್ತು.

ಆಗ ಎಳೆಯಬಾರದು, ಅದೇ ಗುಟ್ಟು. "ಎಲಡ್ಕೆ ಬಾಯಿಗಿಟ್ಟು ಮೊದಲ್ನೇ ರಸ ನುಂಗೋಗಂಟ ಕಾಯ್ಬೇಕು," ಎನ್ನುತ್ತಿದ್ದ ಮರೀಗಂಗಯ್ಯ. ಮೊದಲೇ ಎಳೆದರೆ ಬಾಯಿಗೆ ಬಂದ ತುತ್ತು ಕೈಗೆ ಬರುವುದಿಲ್ಲ. ಕಾದು ಎಳೆದ ಮೇಲೆ ಮಾತ್ರ ಬಿಡುವಂತಿಲ್ಲ, ತಲೆ ಮೇಲೆತ್ತಿ ಕಳೆಯ ಮೇಲೇ ಜಾರಿಸಿಕೊಂಡು ತರಬೇಕು. ಒಮ್ಮೆ ಪಾಚಿಯೊಳಗೆ ಮುಳುಗಿತೆಂದರೆ ಮೀನು ಕೆರೆಯದ್ದು.

ಅವನದು ಇನ್ನೊಂದು ಕಟ್ಟಳೆಯಿತ್ತು, ಅಪ್ಪನ ಕಾಲದಿಂದ ಬಂದದ್ದು. ಕೊರವ ಮರಿ ಮಾಡಿದಾಗ ಕೆಂಪು ಮರಿಗಳು ಗುಂಪಾಗಿ ಮೇಲೆ ಬಂದು ನೀರು ಅನ್ನದ ಎಸರಿನ ಹಾಗೆ ಕುದಿಯುತ್ತದೆ. ತಾಯಿ ಕೆಳಗೇ ಕಾದಿರುತ್ತಾಳೆ. ಹತ್ತಿರ ಏನು ಬಂದರೂ ಹಸಿವಿಲ್ಲದೆಯೂ ಕಚ್ಚುತ್ತಾಳೆ. ಅವಳನ್ನು ಹಿಡಿಯುವುದು ಎಲ್ಲಕ್ಕಿಂತ ಸುಲಭ, ಅದಕ್ಕೇ ಹಿಡಿಯಬಾರದು. ಅವಳು ಹೋದರೆ ಜಿಲೇಬಿ ಮೀನುಗಳು ಮಧ್ಯಾಹ್ನದೊಳಗೆ ಮರಿಗಳನ್ನೆಲ್ಲ ತಿಂದು ಮುಗಿಸುತ್ತವೆ.

ಒಮ್ಮೆ ನನ್ನನ್ನು ಭಾಮೈದನಿಗೆ ಸಾಲ ಕೊಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಅವನನ್ನು ನೋಡಿಯೇ ಹೇಳಿದ್ದು. ಮೀನು ಮುಟ್ಟುವ ಮೊದಲೇ ಎಳೆದ. ನಾನು ಹಾರಿ ಹೊಂಗೆ ಮರದ ತುದಿಗೆ ಸಿಕ್ಕಿಕೊಂಡೆ. ದಾರ ಕಿತ್ತು ಅವನು ಮನೆಗೆ ಹೋದ. ಕಾಗೆಗಳು ಬಂದು ಕುಕ್ಕಿ ನೋಡಿದವು, ಥೂ ಎಂದು ಹಾರಿದವು. ಇಡೀ ಮಳೆಗಾಲ ಅಲ್ಲೇ ನೇತಾಡಿದೆ. ನಡೆದುಕೊಂಡು ಮನೆಗೆ ಬಾ ಎಂದಿದ್ದಳಲ್ಲ ಚಿಕ್ಕತಾಯಮ್ಮ, ಕಾಲಿದ್ದರೂ ಗೊಬ್ಬರದ ಚೀಲದ ಕಾಲು, ನಡೆಯುವುದು ಹೇಗೆ? ಕಡೆಗೆ ಮರೀಗಂಗಯ್ಯನೇ ಮರ ಹತ್ತಿ ಇಳಿಸಿದ. ಹತ್ತುವಾಗ ಜಾರಿ ಭುಜ ಉಳುಕಿಸಿಕೊಂಡ. ಆ ಭುಜ ಮತ್ತೆ ಮೊದಲಿನಂತೆ ಆಗಲೇ ಇಲ್ಲ.

ವರ್ಷಗಳು ಹೋದವು. ಅವನು ಎಷ್ಟು ಸಲ ಹೊಸ ಚಪ್ಪಲಿ ತಂದನೋ, ಚಿಕ್ಕತಾಯಮ್ಮ ಅಷ್ಟು ಸಲ ನಾದಿನಿಗೆ, ಓರಗಿತ್ತಿಗೆ ದಾನ ಮಾಡಿದಳು. ಬರಿಗಾಲಲ್ಲೇ ತಿರುಗಿದಳು. ಹಟದಲ್ಲಿ ಸಿಟ್ಟು ಯಾವಾಗಲೋ ಇಂಗಿ ಹೋಗಿತ್ತು, ಉಳಿದದ್ದು ಗಂಡನನ್ನು ಕೆಣಕುವ ಸುಖ. ಸುಗುಣ ಬೆಳೆದಳು, ಮದುವೆಯಾದಳು, ಹೆರಿಗೆಗೆ ತವರಿಗೆ ಬಂದಳು.

ಹೆರಿಗೆ ಕಷ್ಟದ್ದಾಯಿತು. ಆಪರೇಷನ್ ಮಾಡಿ ಹೆಣ್ಣುಕೂಸನ್ನು ತೆಗೆದರು. ಮನೆಗೆ ಬಂದ ಮೇಲೆ ಬಾಣಂತಿ ಹಾಸಿಗೆಗೆ ಅಂಟಿಕೊಂಡಳು. ತುತ್ತು ಬಾಯಿಗಿಟ್ಟರೆ ವಾಕರಿಕೆ. ಕೂಸಿಗೆ ಹಾಲು ಸಾಲದು. "ಔಷಧಿ ಕೊಟ್ಟಿದ್ದೀನಿ, ಆದರೆ ಅವಳು ಊಟ ಮಾಡಲೇಬೇಕು. ಇಲ್ಲದಿದ್ದರೆ ಮತ್ತೆ ಅಡ್ಮಿಟ್ ಮಾಡಬೇಕಾಗುತ್ತೆ," ಎಂದರು ಡಾಕ್ಟರಮ್ಮ. ಚಿಕ್ಕತಾಯಮ್ಮ ಏನೇನು ಮಾಡಿ ಇಟ್ಟರೂ ಮಗಳು ಮುಖ ತಿರುಗಿಸಿದಳು. ಕೊನೆಗೊಂದು ಸಂಜೆ ಸಣ್ಣ ದನಿಯಲ್ಲಿ, "ಅಪ್ಪ ಹಿಡ್ದ ಕೊರವನ್ ಸಾರಾದ್ರೆ ಉಣ್ತೀನೇನೋ ಅವ್ವ," ಎಂದಳು.

ಬಾಣಂತಿಗೆ ಕೊರವನ ಸಾರು ಎಂಬುದು ಆ ಕೊಪ್ಪಲಿನಲ್ಲಿ ಅಜ್ಜಿಯರ ಕಾಲದ ಮಾತು. ಮರೀಗಂಗಯ್ಯ ಸಂತೆಗಳಲ್ಲಿ ಕೇಳಿದ, ಎಲ್ಲಿಯೂ ಇರಲಿಲ್ಲ. ಕೆರೆಯನ್ನು ಕಳೆ ಪೂರಾ ಮುಚ್ಚಿತ್ತು, ಮೀನು ಹಿಡಿಯುವವರು ಆ ಕಡೆ ಹೋಗುವುದನ್ನೇ ಬಿಟ್ಟಿದ್ದರು. ನಾನು ಸೂರಿನ ಸಂದಿಯಲ್ಲಿ ಧೂಳು ತಿನ್ನುತ್ತಿದ್ದೆ. ಅವನು ನನ್ನನ್ನು ತೆಗೆದು ಲುಂಗಿಯಿಂದ ಒರೆಸಿ, ಗಾಳದ ಮೊನೆಯನ್ನು ಕಲ್ಲಿಗೆ ಉಜ್ಜಿದ.

ಬೆಳಿಗ್ಗೆ ಕೂಸನ್ನೂ ಬಾಣಂತಿಯನ್ನೂ ಎದುರು ಮನೆಯವಳಿಗೆ ಒಪ್ಪಿಸಿ ಚಿಕ್ಕತಾಯಮ್ಮನೂ ಹರಿಗೋಲು ಹತ್ತಿದಳು. "ನಿನ್ ಭುಜ ನೆಚ್ಕಂಡ್ರೆ ಆಯ್ತದಾ? ಹುಟ್ಟು ನಾನು ಹಾಕ್ತೀನಿ, ನೀನು ಗಾಳ ನೋಡು," ಎಂದಳು.

ಬಿಸಿಲು ಏರುವವರೆಗೆ ಒಂದು ಮೀನೂ ಮಿಸುಕಲಿಲ್ಲ. ಆಮೇಲೆ ತಾವರೆಯ ಅಂಚಿನಲ್ಲಿ ನೀರು ಕುದಿಯುವುದು ಕಂಡಿತು. ಕೆಂಪು ಮರಿಗಳು, ಒಂದು ಮೊರದಷ್ಟು ಅಗಲ. ಮರೀಗಂಗಯ್ಯ ನೋಡಿದ. ನೋಡುತ್ತ ನೋಡುತ್ತ ಕೋಲು ಎತ್ತಿದ.

ಚಿಕ್ಕತಾಯಮ್ಮ ಹುಟ್ಟು ಕೆಳಗಿಟ್ಟು ಕೋಲನ್ನು ಹಿಡಿದುಕೊಂಡಳು.

"ಬುಡಮ್ಮಿ. ಒಂದೇ ಏಟ್ಗೆ ಬತ್ತದೆ. ಇವತ್ತೊಂದಿನ ಕಣ್ಮುಚ್ಕತೀನಿ," ಎಂದ ಅವನು.

"ನೀನ್ ಕಣ್ಮುಚ್ಕಂಡ್ರೆ ಆ ಮರಿಗೆ ಅವ್ವ ಸಿಕ್ಕಾಳಾ? ನಮ್ಮನೇಲಿ ಒಬ್ಬಳು ಅವ್ವ ಮಲಗವ್ಳೆ ಅಂತ ಇನ್ನೊಬ್ಬಳು ಅವ್ವನ್ನ ಬೇಯ್ಸಿ ಬಡಿಸ್ಲಾ? ನಡಿ, ಒಳಕ್ಕೆ ಹೋಗನ."

ಅವನು ಕೋಲು ಇಳಿಸಿ ತಲೆ ತಗ್ಗಿಸಿದ. ನನಗೂ ಜೀವ ಬಂದಂತಾಯಿತು. ಸುಗುಣ ಉಣ್ಣಬೇಕು ಎಂಬ ಆಸೆ ನನಗೂ ಇತ್ತು, ಆದರೂ ಅವಳು ಬಿಡಿಸಿದ ಕಣ್ಣಿನಿಂದ ಆ ತಾಯಿ ಸಾಯುವುದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಯಾರೂ ಹೋಗದ ಮೂಲೆಗೆ, ಜೊಂಡು ಗೋಡೆಯಂತೆ ನಿಂತಲ್ಲಿಗೆ ಹರಿಗೋಲನ್ನು ನೂಕಿದರು. ಅಂತರಗಂಗೆಯ ನಡುವೆ ಹೆಂಚಿನಗಲದ ಒಂದೇ ಕಿಂಡಿ. ನಾನು ಜಾರಿದೆ. ನೀರು ಒಡೆಯಿತು. ಊರಿಗೆಲ್ಲ ಕಾಯುವುದನ್ನು ಕಲಿಸಿದವನು ಆ ಕ್ಷಣವೇ ಎಳೆದುಬಿಟ್ಟ. ನಾನು ಬರಿದೇ ಹಾರಿ ಬಂದು ಅವನ ಎದೆಗೆ ಬಡಿದೆ. "ಕೆಟ್ಟೆ," ಎಂದು ಅವನು ಹಣೆ ಚಚ್ಚಿಕೊಂಡ.

ಚಿಕ್ಕತಾಯಮ್ಮ ಬಯ್ಯಲಿಲ್ಲ. ಸೊಂಟದ ಚೀಲ ಬಿಚ್ಚಿ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ ಕೈಯಲ್ಲಿ ಹಿಡಿದುಕೊಂಡಳು. "ವಸಿ ಹೊತ್ತು ಬುಟ್ಟು ಮತ್ತೆ ಹಾಕು," ಎಂದಳು.

ಮತ್ತೆ ಕಳೆಯ ಮೇಲೆ ತೆವಳಿದೆ, ಅಂಚಿನಲ್ಲಿ ನಿಂತೆ, ಜಾರಿದೆ. ಕಪ್ಪು ಬಾಯಿ ನನ್ನನ್ನು ಮುಚ್ಚಿಕೊಂಡಿತು. ಮೇಲೆ ಅವಳು ಮಡಿಸಿದ ಎಲೆಯನ್ನು ಅವನ ಬಾಯಿಗೆ ತುರುಕಿದಳಂತೆ. ಅವನು ಅಗಿದ. ರಸ ಬಂತು. "ಈಗ," ಎಂದಳು ಅವಳು.

ಗಾಳ ಕಚ್ಚಿತು. ನಾನು ಕಂಡ ಕೊರವಗಳಲ್ಲೆಲ್ಲ ದೊಡ್ಡದು ಅದು. ಅವನು ತಲೆ ಮೇಲೆತ್ತಲು ನೋಡಿದ, ಭುಜ ಕೇಳಲಿಲ್ಲ. ಮೀನು ಪಾಚಿಯೊಳಗೆ ಧುಮುಕಿ ದಾರವನ್ನು ಸುತ್ತಿಕೊಂಡಿತು. ಹಲ್ಲು ನನ್ನನ್ನು ಸೀಳುತ್ತಿತ್ತು, ಒಂದು ಗಾಳ ರಬ್ಬರು ಸಮೇತ ಕಿತ್ತು ಬಂತು. ಉಳಿದದ್ದು ಒಂದೇ. ಬಿಡಬಾರದು, ಬಿಡಬಾರದು ಎಂದು ಅದನ್ನು ಬಿಗಿಹಿಡಿದೆ.

ಅಷ್ಟರಲ್ಲಿ ಧೊಪ್ಪೆಂದು ಯಾರೋ ನೀರಿಗೆ ಇಳಿದರು. ಚಿಕ್ಕತಾಯಮ್ಮ. ಎದೆಮಟ್ಟದ ನೀರು, ಕೆಳಗೆ ಕೆಸರು. ಚಪ್ಪಲಿ ಮೆಟ್ಟಿ ಪಳಗಿದ ಕಾಲಾಗಿದ್ದರೆ ಜಾರುತ್ತಿತ್ತು. ಇಷ್ಟು ವರ್ಷದ ಬರಿಗಾಲು, ಬೆರಳು ಕೆಸರಿಗೆ ಊರಿ ನಿಂತಿತು. ದಾರ ಹಿಡಿದುಕೊಂಡು ಕಳೆಯನ್ನು ತೋಳುತೋಳಾಗಿ ಎಳೆದು ಆಚೆ ಹಾಕುತ್ತ ಬಂದಳು. ಕಡೆಗೆ ಪಾಚಿಯ ಉಂಡೆ, ಮೀನು, ನಾನು, ಎಲ್ಲವನ್ನೂ ಒಟ್ಟಿಗೆ ಸೆರಗಿಗೆ ಬಾಚಿ ಮಡಿಲಿಗೆ ಕಟ್ಟಿಕೊಂಡಳು. ಎಷ್ಟು ಕಾಲವಾಗಿತ್ತು ಅವಳನ್ನು ಮುಟ್ಟಿ! ಪಾದಕ್ಕೆಂದು ಹುಟ್ಟಿದ ನನ್ನನ್ನು ಮಡಿಲಿಗೆ ಕರೆದುಕೊಂಡಳಲ್ಲ ಎಂದು ನನಗೆ ಅಳು ಬಂತು.

ಆ ಮಧ್ಯಾಹ್ನ ಮನೆಯಲ್ಲಿ ಬೆಳ್ಳುಳ್ಳಿ, ಮೆಣಸಿನ ಸಾರು ಕುದಿಯಿತು. ಸುಗುಣ ಗೋಡೆಗೆ ಒರಗಿ ಕುಳಿತು ಒಂದು ತುತ್ತು ನುಂಗಿದಳು. ಅಪ್ಪ ಅವ್ವ ಇಬ್ಬರೂ ಅವಳ ಬಾಯನ್ನೇ ನೋಡುತ್ತಿದ್ದರು. ಇನ್ನೊಂದು ತುತ್ತು. ವಾಕರಿಕೆ ಬರಲಿಲ್ಲ. "ಇನ್ನೊಸಿ ಸಾರು ಬುಡವ್ವ," ಎಂದಳು. ಮರೀಗಂಗಯ್ಯ ಎದ್ದು ಹೊರಗೆ ಹೋಗಿ, ಯಾರೂ ನೋಡದ ಕಡೆ ಟವೆಲಿನಲ್ಲಿ ಮುಖ ಒರೆಸಿಕೊಂಡ. ಅಂದಿನಿಂದ ಅವಳು ದಿನಕ್ಕಿಷ್ಟು ಉಂಡಳು, ಕೂಸೂ ತುಂಬಿಕೊಂಡಿತು.

ನಾನು ಮಾತ್ರ ಯಾವ ಕೆಲಸಕ್ಕೂ ಬಾರದವನಾದೆ. ಅರ್ಧ ಸೀಳಿತ್ತು, ಒಂದು ಕಣ್ಣು ಹೋಗಿತ್ತು, ಹಿಂಗಾಲು ಕೆರೆಯ ಪಾಲಾಗಿತ್ತು. ಮರೀಗಂಗಯ್ಯ ಗಾಳ ಬಿಚ್ಚಿಕೊಂಡು ನನ್ನನ್ನು ತಿಪ್ಪೆಗೆ ಎಸೆಯಲು ಕೈ ಎತ್ತಿದ.

"ಕೊಡಿಲ್ಲಿ ಅದ. ನನ್ ಮೆಟ್ಟು ಅದು," ಎಂದಳು ಚಿಕ್ಕತಾಯಮ್ಮ.

ಈಗ ನಾನು ಬಾಗಿಲ ಪಕ್ಕದ ಮೊಳೆಯಲ್ಲಿದ್ದೇನೆ, ಬಲಗಾಲಿನವಳ ಪಕ್ಕ. ಅವಳು ಒಂದೇ ವಾರ ಸವೆದವಳು, ಹೊಸದರಂತೆಯೇ ಇದ್ದಾಳೆ. ನಾನು ಚೂರು. ಆದರೂ ಗಾಳಿ ಬಂದಾಗ ಅವಳೇ ಬಂದು ನನಗೆ ಒರಗುತ್ತಾಳೆ. ಕೆರೆಯ ಕಥೆಯನ್ನೆಲ್ಲ ಅವಳಿಗೆ ಹೇಳುತ್ತಿರುತ್ತೇನೆ. ನಡೆಯುವುದಕ್ಕೆಂದು ಹುಟ್ಟಿ ಈಜುವುದರಲ್ಲೇ ಬಾಳು ಕಳೆಯಿತು, ಅದರಲ್ಲಿ ನನಗೆ ಬೇಸರವಿಲ್ಲ. ಕೆಳಗೆ ಹೊಸ್ತಿಲ ಹತ್ತಿರ ಹೊಸ ಜೋಡಿಯೊಂದು ಕೂತಿರುತ್ತದೆ, ಚಿಕ್ಕತಾಯಮ್ಮನದು. ಮೊದಮೊದಲು ಅದನ್ನು ಮೆಟ್ಟಿ ಕರುವಿನ ಹಾಗೆ ತಡವರಿಸಿ ನಡೆದಳು. ಮರೀಗಂಗಯ್ಯ ಈಗ ಚಾಕು ತೆಗೆಯುವ ಮುಂಚೆ ಟಾರ್ಚು ಹಾಕಿ ನೋಡುತ್ತಾನೆ, ಸಾಲದೆಂದು ಹೆಂಡತಿಯನ್ನು ಕರೆದು ತೋರಿಸುತ್ತಾನೆ.

ಮೊನ್ನೆ ಎದುರು ಮನೆಯವಳು ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಕೂಸು ನನ್ನ ಒಂಟಿ ಕಣ್ಣನ್ನು ನೋಡಿ ಬೊಚ್ಚುಬಾಯಿ ತೆರೆದು ನಕ್ಕಿತು. ಅವಳು ನನ್ನನ್ನು ಬೆರಳಲ್ಲಿ ಮುಟ್ಟಿ, "ಇದ್ಯಾವ್ದಕ್ಕ, ಈ ಹರ್ದೋದ ಚೂರು? ಇದೂ ದೃಷ್ಟಿಗಾ?" ಎಂದು ಕೇಳಿದಳು.

ಚಿಕ್ಕತಾಯಮ್ಮ ಹೊಸ ಚಪ್ಪಲಿಗೆ ಕಾಲು ತೂರಿಸುತ್ತ ಹೇಳಿದಳು:

"ಎಡಗಾಲಿಂದು ಕಣವ್ವ. ನಡ್ಕಂಡು ಬರಾಕೆ ವಸಿ ತಡ ಆಯ್ತು."