ಗೈರುಹಾಜರಾದವಳ ಊಟ

ನನಗೆ ಮೂಗಿನ ತುದಿಯಲ್ಲೇ ಕೋಪ. ನಾನು ಕಡಿಯಾಳಿಯಿಂದ ಎರಡು ಬಸ್ಸು ಹಿಡಿದು ಶಂಕರಪುರದ ಶಾಲೆಗೆ ಒಂಬತ್ತೂವರೆಗೆ ಮುಟ್ಟುತ್ತೇನೆ. ಶಾಲೆಯ ಪಕ್ಕದ ಮನೆಯ ಆಶ್ಲಿ ಹತ್ತೂಮುಕ್ಕಾಲಿಗೆ ಬರುತ್ತಾಳೆ. ಯಾರಿಗೆ ತಡೆದೀತು?

ಆಶ್ಲಿ ಆರನೇ ಕ್ಲಾಸು. ಅವಳ ತಾಯಿ ಕಾನ್ಸೆಪ್ಟಾ ಬಾಯಿ, ಊರಿಗೆಲ್ಲ ಬರೀ ಬಾಯಿ, ಮಲ್ಲಿಗೆ ಬೆಳೆದು ಬದುಕುವವರು. ಬೆಳಕು ಹರಿಯುವಾಗ ಕೊಯ್ದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿ ಹತ್ತು ಗಂಟೆಯೊಳಗೆ ವ್ಯಾಪಾರದ ಕಟ್ಟೆಗೆ ಮುಟ್ಟಿಸಬೇಕು, ಆಮೇಲೆ ಕೊಂಡುಹೋದರೆ ಯಾರೂ ಕೇಳುವುದಿಲ್ಲ. ನವೆಂಬರಿನಲ್ಲಿ ಬಾಯಿ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಅಂದಿನಿಂದ ಹೂ ಕಟ್ಟಿ ಕಟ್ಟೆಗೆ ಮುಟ್ಟಿಸುವವಳು ಮಗಳು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಹಾಜರಿ ಕರೆಯುವುದು ಹತ್ತಕ್ಕೆ, ಕರೆದಾಗ ಇಲ್ಲದವರು ಗೈರು. ಇಪ್ಪತ್ತಾರು ವರ್ಷಗಳಲ್ಲಿ ನನ್ನ ಹಾಜರಿ ಪುಸ್ತಕದಲ್ಲಿ ಒಂದು ತಿದ್ದುಪಡಿ ಇಲ್ಲ.

ಗೈರು ಮೂವತ್ತು ದಿನ ದಾಟಿದ ಮೇಲೆ ಅವಳ ಹೆಸರನ್ನು ಮೇಲಿನವರಿಗೆ ಕಳಿಸಿದೆ. ಒಂದು ನೋಟಿಸು ಬಂದರೆ ತಾಯಿ ಹೆದರಿ ಸರಿಹೋದಾರು ಎಂದುಕೊಂಡಿದ್ದೆ. ನೋಟಿಸು ಬಂತು. ಮಗುವನ್ನು ಶಾಲೆಗೆ ಕಳಿಸದ ನಿಮ್ಮ ಮೇಲೆ ಕೇಸು ಏಕೆ ಹಾಕಬಾರದು, ಉಡುಪಿಗೆ ಬಂದು ತಿಳಿಸಿ ಎಂದಿತ್ತು. ಶಾಲೆಯ ಪುಸ್ತಕಗಳನ್ನೆಲ್ಲ ತರಲು ನನಗೂ ಆದೇಶ. ಅಷ್ಟರಲ್ಲಿ ಗೈರು ನಲವತ್ತೊಂದಾಗಿತ್ತು.

ಬಾಯಿ ಇಗರ್ಜಿಯ ಪೂಜೆಗೆ ಉಡುವ ಸೀರೆ ಉಟ್ಟು ಮಗಳೊಂದಿಗೆ ಬಂದರು. ಶಾಲೆ ಇರುವ ದಿನ ಮಗುವನ್ನು ಏಕೆ ತಂದಿರಿ ಎಂದು ಅಧಿಕಾರಿ ಗುರುಪ್ರಸಾದರು ಕೇಳಿದರು. ಕೈಗೆ ಇನ್ನೂ ಬಲ ಬಂದಿಲ್ಲ, ಬಸ್ಸು ಹತ್ತಲು ಒಬ್ಬರು ಬೇಕು ಎಂದರು ಬಾಯಿ. ಅಧಿಕಾರಿಗಳು ಅದನ್ನು ನಲವತ್ತೆರಡನೆಯ ಗೈರು ಎಂದು ಬರೆದುಕೊಂಡರು. ಆಶ್ಲಿ ತಾಯಿಯ ಸೆರಗು ಬಿಡಲಿಲ್ಲ. ಅಮ್ಮನನ್ನು ಜೈಲಿಗೆ ಹಾಕುತ್ತಾರೆಂದು ಯಾರೋ ಅವಳಿಗೆ ಹೇಳಿದ್ದರು.

ಆಮೇಲೆ ಅಧಿಕಾರಿಗಳು ಮಧ್ಯಾಹ್ನ ಉಂಡವರ ಹೆಸರು ಬರೆಯುವ ಬಿಸಿಯೂಟದ ಪುಸ್ತಕ ತೆರೆದು ಹಾಜರಿ ಪುಸ್ತಕದ ಪಕ್ಕ ಇಟ್ಟರು. ಎರಡರಲ್ಲೂ ನನ್ನದೇ ಅಕ್ಷರ.

"ರಮಾಮಣಿ ಟೀಚರ್, ಈ ಮಗು ನಲವತ್ತೊಂದು ದಿನ ಶಾಲೆಗೆ ಬರಲಿಲ್ಲ. ನಲವತ್ತೊಂದು ದಿನವೂ ಶಾಲೆಯಲ್ಲಿ ಊಟ ಮಾಡಿದೆ. ಇದು ಎಂತ?"

ಮಾಡಿದ್ದುಣ್ಣೋ ಮಹಾರಾಯ. ಊಟ ಸುಳ್ಳೆಂದರೆ ನಾನು ಅಕ್ಕಿ ಕದ್ದ ಕಳ್ಳಿ, ಗೈರು ಸುಳ್ಳೆಂದರೆ ಇಪ್ಪತ್ತಾರು ವರ್ಷ ನೀರಿಗೆ. ಅಪರಾಧವಾದದ್ದು ಊಟದಲ್ಲಿ ಎಂದು ಬಾಯಿಗೆ ಅರ್ಥವಾಗಿರಬೇಕು, ಎದ್ದು ನಿಂತರು.

"ಅವಳು ಉಂಡದ್ದು ಹೌದು ಸರ್. ಅಷ್ಟು ಅಕ್ಕಿ ನಾನು ತಂದು ಕೊಡುತ್ತೇನೆ. ಟೀಚರಿಗೆ ಎಂತದೂ ಮಾಡಬೇಡಿ. ಬೈದರೂ ನನ್ನ ಮಗಳಿಗೆ ಬಡಿಸುವವರು ಅವರೇ."

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಬೈದದ್ದಕ್ಕೆಲ್ಲ ಸೇರಿಸಿ ಒಮ್ಮೆಗೇ ಆಯಿತು.

"ಅವಳು ಒಂದು ದಿನವೂ ತಪ್ಪಿಸಿಲ್ಲ ಸರ್," ಎಂದೆ. "ಬಂದವಳಿಗೆ ಗೈರು ಹಾಕಿದ್ದು ನಾನು."

ಬಾಯಿಯ ಮೇಲಿನ ಕೇಸು ಅಲ್ಲಿಗೆ ಮುಗಿಯಿತು. ಮೆಮೊ ನನಗೆ ಬಂತು.

ಮರುದಿನ ಆಶ್ಲಿ ಹತ್ತೂಮುಕ್ಕಾಲಿಗೆ ಬಂದಳು. ತಡವಾಯಿತೆಂದು ಚೆನ್ನಾಗಿ ಬೈದೆ. ಆಮೇಲೆ ಹಾಜರಿ ಪುಸ್ತಕ ತೆರೆದು ಅವಳೊಬ್ಬಳ ಹೆಸರು ಕರೆದೆ. ಎರಡು ತಿಂಗಳಿಂದ ಆ ಹೆಸರಿಗೆ ಉತ್ತರ ಬಂದಿರಲಿಲ್ಲ. "ಪ್ರೆಸೆಂಟ್ ಟೀಚರ್" ಎಂದು ಅವಳು ಹೇಳಿದ್ದು ಪಕ್ಕದ ಕ್ಲಾಸಿಗೂ ಕೇಳಿಸಿತು.