ಸ್ಪ್ರಿಂಗಿನ ಮೇಲಿನ ಕೈ

"ಕೊಡ ಸಾಲಿನಲ್ಲೇ ಇಡಮ್ಮ," ಎಂದಳು ಮನೆ ಒಡತಿ ಸುಭದ್ರಮ್ಮ.

ಸಾವಿನ ಮನೆಯೆಂದು ಹನ್ನೊಂದು ದಿನ ವಠಾರದವರು ನಾಗರತ್ನಾಳಿಗೆ ಮೊದಲು ನಲ್ಲಿ ಬಿಟ್ಟುಕೊಟ್ಟಿದ್ದರು. ರಾಯಚೂರಿನಿಂದ ಬಂದಿದ್ದ ನೆಂಟರು ನಿನ್ನೆ ರೈಲು ಹತ್ತಿದ್ದರು. ಇವತ್ತು ಎಲ್ಲರ ಹಾಗೆ. ಅವಳು ಕೊಡವನ್ನು ಐದನೆಯದಾಗಿ ಇಟ್ಟು ಗೋಡೆಗೆ ಒರಗಿದಳು. ಅದೇ ಸರಿ ಎನ್ನಿಸಿತು.

ಅವಳ ಸರದಿ ಬಂದಾಗ ಗೇಟಿನಲ್ಲಿ ಅನೀಸ್ ನಿಂತಿದ್ದ. ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವನೂ ಅವಳ ಗಂಡ ಈರೇಶನೂ ಸೇರಿ ಕಾರು ರಿಪೇರಿಯ ಷೆಡ್ಡು ನಡೆಸುತ್ತಿದ್ದರು. ಈರೇಶನನ್ನು ಮಣ್ಣು ಮಾಡಿದ ದಿನ ಅನೀಸ್ ಕುಣಿಯ ಆಚೆ ಬದಿಯಲ್ಲಿದ್ದ. ಅವಳ ಕಡೆ ನೋಡಿರಲಿಲ್ಲ. ಈಗಲೂ ನೋಡಲಿಲ್ಲ.

"ಭಾಭಿ, ಆ ಕೆಂಪು ಗಾಡಿಯವ್ನು ಹನ್ನೊಂದು ಗಂಟೆಗೆ ಬರ್ತಾನೆ. ಗಾಡಿ ತಗೊಂಡ್ಹೋಗಕ್ಕೆ. ಒಂದು ಕಾಗದ ತರ್ತಾನಂತೆ. ನಾನು ಸೈನ್ ಹಾಕ್ಬೇಕಂತೆ."

"ಏನಂತ?"

"ಈರೇಶ್ ಭಾಯ್ ಸ್ಟೇರಿಂಗ್ ಕೆಡಿಸ್ಬಿಟ್ರು, ಆ ಗಾಬ್ರಿಯಲ್ಲಿ ಕಾಲು ಜಾರಿ ಷೆಡ್ಡಿನ ರಿಪೇರಿ ಗುಂಡಿಗೆ ಬಿದ್ರು, ಯಾರೂ ಅವರನ್ನ ಮುಟ್ಟಿಲ್ಲ ಅಂತ."

"ಯಾರೂ ಮುಟ್ಟಿಲ್ಲೇನ್ರಿ?"

ಅವನು ತನ್ನ ಚಪ್ಪಲಿ ನೋಡಿಕೊಂಡ. "ಪೊಲೀಸ್ನೋರು ಕೇಳಿದಾಗ ಟೀ ಕುಡಿಯಕ್ಕೆ ಹೋಗಿದ್ದೆ ಅಂದ್ಬಿಟ್ಟೆ."

"ಹೋಗಿದ್ರೇನು?"

"ಇಲ್ಲ."

ಕೊಡ ತುಂಬಿ ಚೆಲ್ಲುತ್ತಿತ್ತು. "ನೀರು ಹೋಗ್ತಿದೆಯಲ್ಲಮ್ಮ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅವಳು ನಲ್ಲಿ ತಿರುಗಿಸಿ, ಕೊಡ ಒಳಗಿಟ್ಟು, ಬೀಗ ಹಾಕಿಕೊಂಡು ಬಂದಳು.

"ನಡೀರಿ."

ಲಿಂಗರಾಜಪುರದಿಂದ ಶಿವಾಜಿನಗರದವರೆಗೆ ಬಸ್ಸಿನಲ್ಲಿ ನಿಂತೇ ಅನೀಸ್ ಎಲ್ಲ ಹೇಳಿದ. ಹುಡುಗನ ಹೆಸರು ಶಿಶಿರ್, ಇಂದಿರಾನಗರದವನು. ಎರಡೇ ಸೀಟಿನ ಸ್ಪೋರ್ಟ್ಸ್ ಕಾರು, ಕೊಂಡು ಮೂರು ವಾರ. ಸ್ಟೇರಿಂಗ್ ತಿರುಗಿಸಿದರೆ ಬಿಗಿ. ಪೂರ್ತಿ ತಿರುಗಿಸಿದರೆ ಮುಂದೆಲ್ಲೋ ಠಣ್ ಎಂದು ಸದ್ದು. ಕಂಪನಿಯವರ ಹತ್ತಿರ ಒಯ್ಯುವ ಹಾಗಿರಲಿಲ್ಲ. ಗಾಡಿ ನೆಲಕ್ಕೆ ಅಂಟಿದಂತೆ ಕಾಣಲೆಂದು ಅವನು ಮನೆಯಲ್ಲೇ, ತನ್ನ ಕೈಯಾರೆ, ಗಿಡ್ಡ ಸ್ಪ್ರಿಂಗು ಹಾಕಿಕೊಂಡಿದ್ದ. ಗ್ಯಾರಂಟಿ ಹೋಗುತ್ತಿತ್ತು.

ಈರೇಶ ಚಕ್ರದ ಮೇಲಿನ ಸಂದಿಯಲ್ಲಿ ಕೈ ತೂರಿಸಿ ಸ್ಪ್ರಿಂಗು ಹಿಡಿದು, ಅನೀಸನಿಗೆ ಸ್ಟೇರಿಂಗ್ ತಿರುಗಿಸಲು ಹೇಳಿದ್ದ. ಎರಡು ಸಲ. ಆಮೇಲೆ ಎದ್ದು ಕೈ ಒರೆಸಿಕೊಳ್ಳುತ್ತ ನಕ್ಕಿದ್ದ. "ಯಾರಪಾ ಕೂಡ್ಸಿದ್ದು? ಮ್ಯಾಲಿನ ಬೇರಿಂಗ್ ಉಲ್ಟಾ ಹಾಕ್ಯಾರ. ಟೊಪ್ಪಿಗಿ ಅಂಗಾತ ಇಟ್ಕೊಂಡು ಮದಿವಿಗೆ ಹೊಂಟಂಗ ಆತು." ಶಿಶಿರನ ಜೊತೆ ಬಂದಿದ್ದ ಗೆಳೆಯರೂ ನಕ್ಕು ಹೊರಗೆ ಹೋದರು. ಬೆಂಚಿನ ಮೇಲಿದ್ದ ವೀಲ್ ಸ್ಪ್ಯಾನರನ್ನು ಶಿಶಿರ್ ಎತ್ತಿಕೊಂಡ.

"ಎಷ್ಟು ಸಲ?" ಎಂದಳು ನಾಗರತ್ನಾ.

"ಒಳಗ್ಹೋಗ್ರೀ, ಒಳಗ್ಹೋಗ್ರೀ, ಬಾಗಿಲಲ್ಲೇ ಸಂಸಾರ ಮಾಡ್ಬೇಡಿ," ಎನ್ನುತ್ತ ಕಂಡಕ್ಟರ್ ಇಬ್ಬರ ನಡುವೆ ತೂರಿಕೊಂಡು ಹೋದ.

"ಮೂರು. ಮೊದಲ್ನೇದು ಕುತ್ತಿಗೆಗೆ. ಎರಡ್ನೇದಕ್ಕೆ ಮೊಣಕಾಲೂರಿದ್ರು. ಮೂರ್ನೇದಕ್ಕೆ ಗುಂಡಿಯೊಳಗೆ ಬಿದ್ರು."

ಅವಳು ಕಂಬಿ ಹಿಡಿದ ಕೈ ಬದಲಿಸಿದಳು.

ಷೆಡ್ಡಿನಲ್ಲಿ ಗುಂಡಿಯ ಅಂಚನ್ನು ಡೀಸೆಲ್ ಹಾಕಿ ತೊಳೆದಿದ್ದರು. ಅಷ್ಟು ಜಾಗ ಮಾತ್ರ ಬೆಳ್ಳಗಿತ್ತು. ಅವಳು ಅದನ್ನು ಬಳಸಿಕೊಂಡು ಹೋಗಿ ಕಾರಿನ ಮುಂಚಕ್ರದ ಪಕ್ಕ ಕುಳಿತಳು. ಗುಲ್ಬರ್ಗಾದಲ್ಲಿ ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳು. ಮಕ್ಕಳಿಗೆ ಟ್ಯೂಷನ್ನಿನಲ್ಲಿ ಸ್ಪ್ರಿಂಗಿನ ಪಾಠ ಎಷ್ಟೋ ಸಲ ಮಾಡಿದ್ದಳು. ಸಂದಿಯಲ್ಲಿ ಕೈ ತೂರಿಸಿದಳು.

"ತಿರುಗಿಸ್ರಿ."

ಅಂಗೈಯೊಳಗೆ ಕಬ್ಬಿಣ ತಿರುಚಿಕೊಳ್ಳುತ್ತ ಬಂತು. ಸ್ಪ್ರಿಂಗಿನ ಮೇಲ್ತುದಿ ಜಾರಲೊಲ್ಲದು. ಬಿಗಿಯಿತು, ಇನ್ನೂ ಬಿಗಿಯಿತು, ಆಮೇಲೆ ಒಮ್ಮೆಲೇ ಠಣ್ ಎಂದು ಹಿಂದಕ್ಕೆ ಹಾರಿ ಅವಳ ಹೆಬ್ಬೆರಳಿನ ಬುಡದ ಚರ್ಮ ಕಚ್ಚಿತು.

"ಇನ್ನೊಮ್ಮೆ."

"ಭಾಭಿ, ರಕ್ತ ಬರ್ತಿದೆ."

"ಇನ್ನೊಮ್ಮೆ, ಅನೀಸ್ ಭಾಯ್."

ಮತ್ತೆ ಹಾಗೇ ಆಯಿತು. ಅವಳು ಕೈ ಹೊರಗೆಳೆದುಕೊಂಡಳು. "ಬಿಚ್ಚ್ರಿ ಇದನ್ನ. ನನಗ ನೋಡಬೇಕು. ನೀವೂ ನೋಡ್ರಿ, ಆಮ್ಯಾಲ ಸೈನ್ ಹಾಕೋದಿದ್ರ ಹಾಕ್ರಿ."

ಅನೀಸ್ ಜಾಕ್ ಏರಿಸಿ ಚಕ್ರ ತೆಗೆದ. ಸ್ಪ್ರಿಂಗು ಕೂತಿದ್ದ ಕೊಳವೆಯನ್ನು ಪೂರ್ತಿ ಬಿಚ್ಚಿ ಬೆಂಚಿಗೆ ತಂದ. ಈರೇಶ ಅದೇ ಕೆಲಸಕ್ಕೆಂದು ತಂದಿಟ್ಟಿದ್ದ ಕ್ಲಾಂಪು ಅಲ್ಲೇ ಇತ್ತು: ತುದಿಗಳಲ್ಲಿ ಕೊಕ್ಕೆಯಿದ್ದ ಎರಡು ಉದ್ದನೆಯ ಸ್ಕ್ರೂ ಸರಳು. ಸ್ಪ್ರಿಂಗಿನ ಎರಡೂ ಬದಿಗೆ ಕೊಕ್ಕೆ ಹಾಕಿ, ಇತ್ತ ನಾಲ್ಕು ಸುತ್ತು ಅತ್ತ ನಾಲ್ಕು ಸುತ್ತು ಬಿಗಿದ. ಸ್ಪ್ರಿಂಗು ಕುಗ್ಗುತ್ತ ಬಂತು.

"ಬಿಚ್ಚೋವಾಗ್ಲೂ ಎರಡೂ ಕಡೆ ಸಮ ಬಿಚ್ಬೇಕು. ಒಂದೇ ಕಡೆ ಬಿಚ್ಚಿದ್ರೆ ಬಾಂಬು ಇದು. ಹೋದ್ವರ್ಷ ಹಲಸೂರಲ್ಲಿ ಒಬ್ಬನ ದವಡೆ ಹಾರೋಯ್ತು."

ಮೇಲಿನ ನಟ್ಟು ತೆಗೆದು, ಬಳೆಯಂಥ ಬೇರಿಂಗನ್ನು ಬಟ್ಟೆಯ ಮೇಲಿಟ್ಟ. ಕೆಳಮುಖವಾಗಿರಬೇಕಾದದ್ದು ಮೇಲ್ಮುಖವಾಗಿತ್ತು. ಹೊಸ ಉಕ್ಕು ಒಂದು ಬದಿ ಸವೆದುಹೋಗಿತ್ತು.

ಈರೇಶ ಹೇಳಿದ್ದು ಸರಿಯಿತ್ತು. ಅನೀಸ್ ಖಾಲಿ ಕೊಳವೆಯನ್ನು ಕೆಳಗಿಟ್ಟ. ಕುಗ್ಗಿಸಿದ ಸ್ಪ್ರಿಂಗು ಕ್ಲಾಂಪಿನೊಡನೆ ಬೆಂಚಿನ ಮೇಲೆ ಉಳಿಯಿತು.

ಶಿಶಿರ್ ಹತ್ತೂವರೆಗೇ ಬಂದ, ಒಬ್ಬನೇ. "ಏನ್ ಗುರು ಇದು, ಗಾಡಿ ಯಾಕ್ ಬಿಚ್ಚಿದ್ದೀಯಾ? ಇವ್ರ್ಯಾರು?"

"ಈರೇಶ್ ಭಾಯ್ ಮಿಸೆಸ್ಸು."

"ಓ. ಸಾರಿ ಆಂಟಿ. ಆಕ್ಸಿಡೆಂಟು, ಏನ್ಮಾಡಕ್ಕಾಗತ್ತೆ." ಅವಳಿಗೆ ಇಪ್ಪತ್ತೆಂಟು, ಅವನಿಗಿಂತ ಮೂರೋ ನಾಲ್ಕೋ ವರ್ಷ ದೊಡ್ಡವಳಿರಬಹುದು. ಅವನು ಕಾಗದ ಬಿಡಿಸಿ ಬೆಂಚಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದ.

"ಈ ಬೇರಿಂಗ್ ಕೂಡಿಸ್ದೋರು ಯಾರ್ರಿ?" ಎಂದಳು. "ಉಲ್ಟಾ ಐತಿ."

ಅವನ ಕಿವಿ ಕೆಂಪಾಯಿತು. "ನಿಮ್ಮೋನೂ ಇದೇ ಪುರಾಣ ಹೇಳಿದ್ದು…" ಅಷ್ಟಕ್ಕೇ ನಿಲ್ಲಿಸಿ, ಅನೀಸನ ಕೆನ್ನೆಗೆ ಬಾರಿಸಿದ. "ಇವ್ರನ್ನ ಕರ್ಕೊಂಡ್ಬಂದು ನಾಟಕ ಮಾಡ್ತೀಯಾ? ಹಾಕೋ ಸೈನು!"

"ನಂಗೆ ಆಗಲ್ಲ ಸಾರ್."

ಶಿಶಿರ್ ಅವನ ಕೂದಲು ಹಿಡಿದು ಮುಖವನ್ನು ಬಾನೆಟ್ಟಿಗೆ ಅಪ್ಪಳಿಸಿದ. ಮೂಗು ಮುರಿದ ಸದ್ದು ಕೇಳಿತು. ಮತ್ತೆ ಅಪ್ಪಳಿಸಿದ. "ಅವ್ನ ಗತಿಯೇ ನಿಂಗೂ. ತಿಳೀತಾ? ಅದೇ ಗುಂಡಿ." ಕೆಂಪು ಬಣ್ಣದ ಮೇಲೆ ರಕ್ತ ಕಾಣಲಿಲ್ಲ, ಒದ್ದೆ ಮಾತ್ರ ಕಂಡಿತು.

ನಾಗರತ್ನಾ ಬೆಂಚಿನ ಮೇಲಿದ್ದ ಸ್ಪ್ರಿಂಗನ್ನು ಅಡ್ಡ ಮಲಗಿಸಿದಳು. ಅದರ ಬಾಯಿ ಶಿಶಿರನ ಎದೆಯ ನೇರಕ್ಕೆ ಬರುವಂತೆ ಸ್ವಲ್ಪ ತಿರುಗಿಸಿದಳು. ಅವಳಿಗೆ ಏನೂ ಅನ್ನಿಸಲಿಲ್ಲ. ಕೋನ ನೋಡಿದಳು. ಒಂದು ಬದಿಯ ಸ್ಕ್ರೂಗೆ ಸ್ಪ್ಯಾನರ್ ಕೂರಿಸಿ ಬಿಚ್ಚತೊಡಗಿದಳು. ಒಂದು ಸುತ್ತು. ಎರಡು. ಸ್ಪ್ರಿಂಗು ಬಿಲ್ಲಿನ ಹಾಗೆ ಬಾಗಿತು. ಮೂರು. ಕೊಕ್ಕೆ ಕಿರ್ರೆಂದಿತು.

ಆ ಸದ್ದು ಅನೀಸನಿಗೆ ಗೊತ್ತಿತ್ತು. ಬಾನೆಟ್ಟಿನ ಮೇಲೆ ಕೆನ್ನೆಯಿಟ್ಟೇ ಅವನು ಒಂದು ಕಣ್ಣಲ್ಲಿ ಅವಳ ಕೈ ನೋಡಿದ. "ಹಟ್!" ಎಂದು ಕಿರುಚಿ ಶಿಶಿರನ ಹೊಟ್ಟೆಗೆ ಭುಜ ಕೊಟ್ಟು ನೂಕಿ ತಾನೂ ಬಿದ್ದ.

ಸ್ಪ್ರಿಂಗು ಅವರಿಬ್ಬರ ಮೇಲಿನಿಂದ ಹಾದು ಕಾರಿನ ಮುಂಗಾಜಿಗೆ ನುಗ್ಗಿತು. ಗಾಜು ಪೂರ್ತಿ ಒಳಕ್ಕೆ ಕುಸಿಯಿತು. ಒಂದು ಸರಳು ಗೋಡೆಗೆ ಬಡಿದು ಗಾರೆ ಉದುರಿಸಿತು.

ಶಿಶಿರ್ ಅಂಗಾತ ಬಿದ್ದಿದ್ದ. ಅವನ ತಲೆಯಿಂದ ಗೇಣು ದೂರದಲ್ಲಿ ಗುಂಡಿಯ ಬಿಳಿ ಅಂಚು. ಅವನು ಅದನ್ನು ನೋಡಿದ, ಅವಳನ್ನು ನೋಡಿದ. ಅವಳ ಕೈಯಲ್ಲಿ ಇನ್ನೂ ಸ್ಪ್ಯಾನರ್ ಇತ್ತು. ತೆವಳಿ, ಎದ್ದು, "ಲೂಸು… ಲೂಸು ಹೆಂಗ್ಸು," ಎನ್ನುತ್ತ ಓಣಿಗೆ ಓಡಿದ. ಒಂದು ಷೂ ಅಲ್ಲೇ ಉಳಿಯಿತು.

ಅನೀಸ್ ಗೋಡೆಗೆ ಒರಗಿ ಕುಳಿತು ವೇಸ್ಟ್ ಬಟ್ಟೆಯಿಂದ ಮೂಗು ಒತ್ತಿಕೊಂಡ. "ಭಾಭಿ, ಬೇಕಂತ್ಲೇ ಬಿಚ್ಚಿದ್ರಾ?"

"ಹೌದು."

"ಜೈಲಿಗೆ ಹಾಕ್ತಿದ್ರು ನಿಮ್ಮನ್ನ."

"ಗೊತ್ತೈತಿ."

"ಅವನು ಬದುಕ್ಲಿ ಅಂತ ತಳ್ಳಿದ್ದಲ್ಲ ನಾನು." ಉಸಿರು ಬಾಯಿಂದ ಬರುತ್ತಿತ್ತು. ಕಷ್ಟಪಟ್ಟು ಎದ್ದ. ಸಹಿಯಿಲ್ಲದ ಕಾಗದದಲ್ಲಿ ಬೇರಿಂಗ್ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. "ಠಾಣೆಗೆ ಹೋಗ್ತೀನಿ. ಆವತ್ತು ಟೀ ಕುಡಿಯಕ್ಕೆ ಹೋಗಿರ್ಲಿಲ್ಲ ಅಂತೀನಿ. ಇದನ್ನೂ ಹೇಳ್ತೀನಿ, ಗಾಜಿನ ವಿಷ್ಯ. ಎಲ್ಲಾ."

"ಹೇಳ್ರಿ. ನಾನೂ ಬರ್ತೀನಿ."

"ಆ ಕ್ಲಾಂಪು ಇನಾಯತ್ ಉಲ್ಲಾ ಚಾಚಾಂದು. ಈರೇಶ್ ಭಾಯ್ ಒಂದಿನಕ್ಕೆ ಅಂತ ತಂದಿದ್ರು. ಸಾವಿನ ಮನೆ ಅಂತ ಪಾಪ ಬಾಯ್ಬಿಟ್ಟು ಕೇಳಿಲ್ಲ. ಅದನ್ನ ಕೊಟ್ಟು ಬನ್ನಿ. ನಾನು ಮುಂದೆ ಹೋಗಿರ್ತೀನಿ."

ಅವಳು ಒಂದು ಸರಳನ್ನು ಗೋಡೆಯ ಬುಡದಿಂದ, ಇನ್ನೊಂದನ್ನು ಕಾರಿನ ಸೀಟಿನ ಮೇಲಿನ ಗಾಜಿನ ಚೂರುಗಳಿಂದ ಆರಿಸಿಕೊಂಡಳು. ಮೂರು ಅಂಗಡಿ ಆಚೆ ಇನಾಯತ್ ಉಲ್ಲಾ ಸ್ಟೂಲಿನ ಮೇಲೆ ಕುಳಿತಿದ್ದ. ಎದ್ದು ನಿಂತು, ಎರಡೂ ಕೈಯಲ್ಲಿ ಸರಳು ತೆಗೆದುಕೊಂಡು, ಅವುಗಳ ಸ್ಕ್ರೂ ಸುತ್ತುಗಳ ಮೇಲೆ ಹೆಬ್ಬೆರಳು ಆಡಿಸಿದ.

"ಒಣಗಿದೆ, ಬೇಟಿ."

"ಏನ್ರಿ?"

"ಈ ಗಲ್ಲೀಲಿ ಯಾರ ಸಾಮಾನು ತಗೊಂಡ್ರೂ ಎಣ್ಣೆ ಹಚ್ಚಿ ವಾಪಸ್ ಕೊಡೋದು. ಈರೇಶ ಮರೀತಿರ್ಲಿಲ್ಲ." ಮಾತು ಆಡಿದ ಮೇಲೆ ಮುದುಕನಿಗೆ ನಾಚಿಕೆಯಾಯಿತು. "ಬಿಡು ಬೇಟಿ, ನಾನು ಹಚ್ಕೋತೀನಿ."

"ಎಣ್ಣಿ ಕೊಡ್ರಿ," ಎಂದಳು.

ಅವನು ಎಣ್ಣೆಯ ಡಬ್ಬಿಯನ್ನೂ ಹಳೆಯ ಬನಿಯನ್ನಿನ ತುಂಡನ್ನೂ ತಂದಿಟ್ಟು, ಸ್ಟೂಲು ಅವಳ ಕಡೆ ಸರಿಸಿದ. ನಾಗರತ್ನಾ ಕುಳಿತು ಮೊದಲ ಸರಳನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತು ಸುತ್ತಾಗಿ ಒರೆಸಿದಳು. ಬಟ್ಟೆ ಕಪ್ಪಾಯಿತು. ಎರಡನೆಯದರಲ್ಲಿ ನಡುವೆ ಒಂದು ಸುತ್ತು ಜಜ್ಜಿಹೋಗಿತ್ತು. ಬಟ್ಟೆಯ ಎಳೆ ಅಲ್ಲಿ ಸಿಕ್ಕಿಕೊಂಡಿತು. ಉಗುರಿನಿಂದ ಬಿಡಿಸಿಕೊಂಡು ಮುಂದಿನ ಸುತ್ತಿಗೆ ಹೋದಳು.