ಸಾಕ್ಷಿ ಸೆಲ್ಲು

ಷಡಕ್ಷರಪ್ಪನಿಗೆ ಎಲ್ಲವನ್ನೂ ಎರಡೆರಡು ಸಲ ನೋಡುವ ಚಟ. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ, ವಾಪಸು ಬಂದು ಜಗ್ಗಿ ನೋಡುವ ಆಸಾಮಿ. ಈ ಚಟವೇ ಒಂದು ಜೀವ ತಿಂದಿತು ಅಂದರೆ ಯಾರು ನಂಬುತ್ತಾರೆ, ಹೇಳಿ.

೧೯೫೮ರಲ್ಲಿ ಅವನು ಭದ್ರಾವತಿಯ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಕುಲುಮೆಯ ಶಾಖ ಅಳೆಯುವ ಮೀಟರನ್ನು ನೋಡಿಕೊಳ್ಳುತ್ತಿದ್ದ. ಆ ಮೀಟರಿಗೆ ಒಂದು ಪುಟ್ಟ ಸೆಲ್ಲಿತ್ತು. ಅದರ ವೋಲ್ಟೇಜು ಕದಲುವುದಿಲ್ಲವೆಂದು ನಂಬಿ, ದಿನಾ ಬೆಳಿಗ್ಗೆ ಅದಕ್ಕೆ ಹೋಲಿಸಿಯೇ ಮೀಟರು ಸರಿಮಾಡಬೇಕು. ಕೆಲಸ ಕಲಿಸಿದ ಓಂಕಾರಪ್ಪನವರು ಅದನ್ನು ಸಾಕ್ಷಿ ಸೆಲ್ಲು ಅನ್ನುತ್ತಿದ್ದರು. "ಇದರ ಹತ್ರ ಸಾಕ್ಷಿ ಕೇಳು, ಕೆಲಸ ಮಾಡಿಸ್ಬೇಡ ಮಾರಾಯ. ಸಾಕ್ಷಿ ಹೇಳೋನ ತಲೆ ಮೇಲೆ ಮೂಟೆ ಹೊರಿಸಿದ್ರೆ ನಾಲಗೆ ನೆಟ್ಟಗಿರಲ್ಲ" ಎಂದು ಬುದ್ಧಿ ಹೇಳಿ, ನಿವೃತ್ತರಾಗಿ ಹೊಳಲೂರಿಗೆ ಹೋದರು.

ಆದರೆ ಇವನಿಗೆ ಸಮಾಧಾನ ಬೇಕಲ್ಲ. ಸೆಲ್ಲು ಬದುಕಿದೆಯೋ ಸತ್ತಿದೆಯೋ ತಿಳಿಯುವುದು ಹೇಗೆ? ಒಂದು ಹಳೆಯ ವೋಲ್ಟ್‌ಮೀಟರು ತಂದು ಅದಕ್ಕೆ ಕಾಯಮ್ಮಾಗಿ ಜೋಡಿಸಿಬಿಟ್ಟ. ಮುಳ್ಳು ಎದ್ದು ನಿಂತದ್ದು ಕಂಡು ಹಿಗ್ಗಿದ. ಆ ಮುಳ್ಳು ಎತ್ತಿ ಹಿಡಿಯುವುದೂ ಒಂದು ಕೆಲಸವೇ, ಅದರಿಂದಲೇ ಸೆಲ್ಲು ದಿನದಿನಕ್ಕೆ ಸೊರಗುತ್ತಿದೆ ಎಂದು ಆ ಜಾಣನಿಗೆ ಹೊಳೆಯಲಿಲ್ಲ. ತೂಕದ ಕಲ್ಲು ಸವೆದರೆ ಮಾಲು ಹೆಚ್ಚು ತೂಗಿದಂತೆ ಕಾಣುವ ಹಾಗೆ, ಸೆಲ್ಲು ಸೊರಗಿದಷ್ಟೂ ಶಾಖದ ಮೀಟರು ಇದ್ದದ್ದಕ್ಕಿಂತ ಹೆಚ್ಚು ತೋರಿಸತೊಡಗಿತು.

ಆ ತಿಂಗಳು ಕ್ರೇನಿನ ಸರಪಳಿ ಕಾಯಿಸುವುದಿತ್ತು. ಆಗಾಗ ಕುಲುಮೆಯಲ್ಲಿಟ್ಟು ಹದಕ್ಕೆ ತರದಿದ್ದರೆ ಕೊಂಡಿಗಳು ಪೆಡಸಾಗಿ ಮುರಿಯುತ್ತವೆ. ಕುಲುಮೆ ಕಾಯುವ ಭೈರಪ್ಪ ಬಾಗಿಲು ಸರಿಸಿ ನೋಡಿದ. ಮೂವತ್ತು ವರ್ಷ ಬೆಂಕಿ ನೋಡಿದ ಕಣ್ಣು.

"ಇನ್ನೂ ಹಣ್ಣಡಿಕೆ ಬಣ್ಣ ಬಂದಿಲ್ಲ ಅಪ್ನೋರೆ."

"ಮೀಟ್ರು ಒಂಬೈನೂರು ತೋರಿಸ್ತೈತೆ. ಮೀಟ್ರಿಗಿಂತ ನಿನ್ನ ಕಣ್ಣು ದೊಡ್ದಾ? ಸಾಕು, ತೆಗಿ" ಎಂದ ಷಡಕ್ಷರಪ್ಪ.

ಭೈರಪ್ಪ ಗೊಣಗುತ್ತಲೇ ತೆಗೆದ.

ಎಂಟನೆಯ ದಿನ ಸರಪಳಿ ಹರಿದು, ಅದರಲ್ಲಿ ತೂಗುತ್ತಿದ್ದ ಎರಕದ ಪೆಟ್ಟಿಗೆ ಕೆಳಗೆ ಕೆಲಸ ಮಾಡುತ್ತಿದ್ದ ಕೂಲಿ ಪುಟ್ಟಯ್ಯನ ಮೇಲೆ ಬಿತ್ತು. ಅವನ ಹೆಂಡತಿ ನಂಜಮ್ಮ ಜನ್ನಾಪುರದಿಂದ ಬುತ್ತಿ ತರುವ ಹೊತ್ತಿಗೆ ಹೆಣದ ಮೇಲೆ ಗೋಣಿತಾಟು ಹೊದಿಸಿ ಆಗಿತ್ತು.

ಮುರಿದ ಕೊಂಡಿಯನ್ನು ಷಡಕ್ಷರಪ್ಪ ಎರಡೆರಡು ಸಲ ತಿರುಗಿಸಿ ನೋಡಿದ. ಸರಿಯಾಗಿ ಕಾದ ಕಬ್ಬಿಣ ಹಾಗೆ ಮುರಿಯುವುದಿಲ್ಲ. ಓಂಕಾರಪ್ಪನವರ ಮೂಟೆಯ ಮಾತು ನೆನಪಾಯಿತು. ಯಾರೂ ಇಲ್ಲದಾಗ ವೋಲ್ಟ್‌ಮೀಟರು ಬಿಚ್ಚಿ ಭದ್ರಾ ಹೊಳೆಗೆಸೆದ. ಹೊರೆ ಇಳಿದ ಸೆಲ್ಲು ನಿಧಾನಕ್ಕೆ ಚೇತರಿಸಿಕೊಂಡಿತು. ಎರಡು ವಾರ ಕಳೆದು, ಹಣ್ಣಡಿಕೆ ಬಣ್ಣ ಬಂದಾಗಲೇ ಮೀಟರು ಒಂಬೈನೂರು ತೋರಿಸಿತು. ಹಾಗಾದರೆ ಅಂದು ಭೈರಪ್ಪ ಹೇಳಿದ್ದೇ ಸರಿ.

ಮಾರನೆಯ ದಿನ ಶಿವಮೊಗ್ಗದಿಂದ ತನಿಖೆಯ ಸಾಹೇಬರು ಬಂದರು. ಹೊಸ ಸೆಲ್ಲೊಂದನ್ನು ತಂದು ಹೋಲಿಸಿ ನೋಡಿದರು. ಕೂದಲಷ್ಟೂ ವ್ಯತ್ಯಾಸವಿಲ್ಲ.

"ಮೀಟರು ಸರಿಯಿದೆ. ಕೊಂಡಿ ಮಾತ್ರ ಸರಿಯಾಗಿ ಕಾದಿಲ್ಲ. ಹಾಗಾದರೆ ಕಾಯುವ ಮೊದಲೇ ಯಾಕಯ್ಯಾ ತೆಗೆದೆ?" ಎಂದು ಭೈರಪ್ಪನನ್ನು ಕೇಳಿದರು.

"ಬಣ್ಣ ಬಂದಿರ್ಲಿಲ್ಲ ಬುದ್ಧಿ. ಅಪ್ನೋರು ತೆಗಿ ಅಂದ್ರು, ತೆಗ್ದೆ" ಎಂದ ಭೈರಪ್ಪ. ಅವನ ದನಿಯಲ್ಲಿ ಹೆದರಿಕೆಯಿರಲಿಲ್ಲ. ಅಪ್ನೋರು ಇದ್ದದ್ದು ಇದ್ದಂತೆ ಹೇಳುತ್ತಾರೆಂಬ ನಂಬಿಕೆ, ಪಾಪ.

ಸಾಹೇಬರು ಷಡಕ್ಷರಪ್ಪನ ಕಡೆ ತಿರುಗಿದರು. ನಿಜ ಹೇಳಿದರೆ ನೌಕರಿ ಹೋಗುತ್ತದೆ, ಜೈಲೂ ಆದೀತು. ನಂಜಮ್ಮನಿಗೆ ಮುಖ ತೋರಿಸುವುದು ಹೇಗೆ? ತಲೆಯ ಮೇಲೆ ಮೂಟೆ ಕೂತಿತ್ತು. ಕತ್ತು ಬಗ್ಗಿತು.

"ನಾನು ಹೇಳಿರಲಿಲ್ಲ" ಎಂದ.

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವನೊಬ್ಬ. ಭೈರಪ್ಪನನ್ನು ಅಲ್ಲೇ ಕೆಲಸದಿಂದ ತೆಗೆದರು. ಅವನು ಕೂಗಾಡಲಿಲ್ಲ. ಟವೆಲು ಹೆಗಲಿಗೆ ಹಾಕಿಕೊಂಡು ಷಡಕ್ಷರಪ್ಪನ ಎದುರು ಬಂದು ನಿಂತ. ಕುಲುಮೆಯ ಬಾಗಿಲಲ್ಲಿ ನೋಡುವಂತೆಯೇ ಕಣ್ಣು ಕಿರಿದು ಮಾಡಿ ಅವನ ಮುಖ ನೋಡಿದ.

"ಬಣ್ಣ ಬಂದಿಲ್ಲ ಅಪ್ನೋರೆ" ಅಂದು ಗೇಟು ದಾಟಿ ಹೋದ.